ಹೆಸರಿಲ್ಲದ ಹೋಟೆಲಿಗೆ ದರ ಬರೆದದ್ದು

ಮೊದಲು ದುಡ್ಡು ಕಟ್ಟಿ, ಆಮೇಲೆ ಹೋಟೆಲಿನ ಹೆಸರು ತಿಳಿಸುತ್ತೇವೆ ಎಂದು ಆ ವೆಬ್‌ಸೈಟಿನಲ್ಲಿ ಬರೆದಿತ್ತು. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಓದಿದ್ದರಲ್ಲೇ ಏನೋ ತಪ್ಪಿರಬೇಕೆಂದು ಮತ್ತೆ ಓದಿದೆ. ಮೂರನೇ ಸಲವೂ ಅದೇ ಇತ್ತು. ದನದ ಸಂತೆಯಲ್ಲಿ ಹಲ್ಲು ನೋಡದೆ ಯಾರೂ ಎತ್ತಿಗೆ ದರ ಹೇಳುವುದಿಲ್ಲ. ಇಲ್ಲಿ ಎತ್ತನ್ನೇ ತೋರಿಸದೆ ದರ ಹೇಳು ಎನ್ನುತ್ತಿದ್ದರು.

ಗದಗಿನಲ್ಲಿ ನನ್ನದು ಬಸ್ಸು, ರೈಲಿನ ಟಿಕೆಟ್ ತೆಗೆದುಕೊಡುವ ಸಣ್ಣ ಅಂಗಡಿ. ಪರವೂರಿನಲ್ಲಿ ಉಳಿಯಲು ಜಾಗ ಹುಡುಕಿಕೊಡುವ ಕೆಲಸ ಅಪರೂಪಕ್ಕೆ ಬರುತ್ತದೆ. ಬಂದರೆ ಗೊತ್ತಿದ್ದ ಎರಡು ಮೂರು ಕಡೆ ಫೋನು ಮಾಡಿ ಮುಗಿಸುತ್ತೇನೆ. ಆ ಸೋಮವಾರ ಎದುರಿಗೆ ಕೂತಿದ್ದವರು ಮಾತ್ರ ಹಾಗೆ ಮುಗಿಸಿ ಕಳಿಸುವಂಥ ಗಿರಾಕಿಗಳಲ್ಲ. ಮುಂಡರಗಿಯ ಟೇಲರ್ ಮಾಸ್ತರು ಮತ್ತು ಅವರ ಹೆಂಡತಿ. ನನ್ನ ಮದುವೆಯ ಸಫಾರಿ ಹೊಲಿದವರು ಮಾಸ್ತರು. ಅವರ ಹೆಂಡತಿಯನ್ನು ನಾನು ಅಂದಿನಿಂದ ಚಾಚಿ ಎಂದೇ ಕರೆಯುವುದು. ಮಾಸ್ತರ ಎಡಗಣ್ಣು ಚಿಕ್ಕಂದಿನಲ್ಲೇ ಹೋಗಿತ್ತು. ಇದ್ದೊಂದು ಬಲಗಣ್ಣಿಗೂ ಈಗ ಬಿಳಿ ಕಲೆ ಕಟ್ಟಿತ್ತು. ಸೂಜಿಯ ಮಾತು ಹಾಗಿರಲಿ, ಮೇಜಿನ ಆಚೆ ಕೂತ ನನ್ನ ಮುಖವೇ ಅವರಿಗೆ ಮಸುಕು. ಹೈದರಾಬಾದಿನ ಕಣ್ಣಿನ ಆಸ್ಪತ್ರೆಯೊಂದರಲ್ಲಿ, ದಾನಿಯ ಕಣ್ಣಿನ ಕಾರ್ನಿಯಾ ಎಂಬ ಪಾರದರ್ಶಕ ಪೊರೆ ತಂದು ಹೊಲಿದು ಕೂರಿಸಲು ಮುಂದಿನ ಸೋಮವಾರದ ದಿನ ಕೊಟ್ಟಿದ್ದರು.

"ಹದಿನಾರು ಹೊಲಿಗಿ ಹಾಕ್ತಾರಂತ ಕಣ್ಣಿಗೆ," ಎಂದರು ಮಾಸ್ತರು. "ನನಗಿಂತ ಸಣ್ಣ ಹೊಲಿಗಿ ಹಾಕಾವ್ರು ಅದಾರ ಅಂದಂಗಾತು. ಆದ್ರ ಆಮ್ಯಾಲಿನ ಕಾಳಜಿ ಭಾಳ ಐತಿ. ದಿನಾ ಮುಂಜಾನಿ ತೋರಸಬೇಕು. ಆಟೋದಾಗ ಕುಲುಕಾಡಬಾರದು, ಧೂಳಾಗ ಅಡ್ಡಾಡಬಾರದು. ನೋವು ಬಂತು, ನೀರು ಸುರೀತು ಅಂದ್ರ ನಿಂತ ಕಾಲ ಮ್ಯಾಲೆ ಬರ್ರಿ ಅಂದಾರ."

"ಅದಕ್ಕ ದವಾಖಾನಿ ಬಾಜೂಕ ಒಂದು ಖೋಲಿ ಹಿಡದು ಕೊಡಪಾ," ಎಂದರು ಚಾಚಿ. "ನಾ ಕೈ ಹಿಡಕೊಂಡು ನಡಿಸ್ಕೊಂಡು ಹೋಗುವಷ್ಟು ಹತ್ರ ಇರಬೇಕು. ಆರು ದಿನ. ಇದ್ದದ್ದೊಂದ ಕಣ್ಣೈತಿ."

ಮಾಮೂಲಿ ಸೈಟುಗಳಲ್ಲಿ ನೋಡಿದೆ. ಆಸ್ಪತ್ರೆಯ ಸುತ್ತ ಒಳ್ಳೆಯ ಹೋಟೆಲುಗಳೇನೋ ಇದ್ದವು, ದರ ಮಾತ್ರ ಮುಟ್ಟಿದರೆ ಸುಡುವಂತಿತ್ತು. ಆಗ ಮಾಸ್ತರು ಈ ಹೊಸ ಸೈಟಿನ ಹೆಸರು ಹೇಳಿದರು. ಅವರಿಗೆ ಅಸ್ತರಿನ ಬಟ್ಟೆ ಕೊಡುವ ಲಕ್ಷ್ಮೇಶ್ವರದ ಅರಿವಿ ವ್ಯಾಪಾರಿಯೊಬ್ಬರು ಸೂರತ್ತಿಗೆ ಹೋದಾಗ ಇದರಲ್ಲೇ ದರ ಬರೆದು, ನಾಲ್ಕು ಸ್ಟಾರಿನ ಹೋಟೆಲನ್ನು ಅರ್ಧ ದರಕ್ಕೆ ಹಿಡಿದಿದ್ದರಂತೆ.

"ಟೆಂಡರ್ ಇದ್ದಂಗ ಐತಂತ. ನೀ ದಲಾಲಿ ಅಂಗಡ್ಯಾಗ ಇದ್ದಾವ, ನಿನಗೇನ ಹೊಸಾದು?"

ಮಾಸ್ತರ ಈ ಮಾತು ನನ್ನನ್ನು ಉಬ್ಬಿಸಿತು, ಸುಳ್ಳು ಹೇಳುವುದಿಲ್ಲ. ಅಂಗಡಿ ಹಾಕುವ ಮುಂಚೆ ಗದಗಿನ ಮಾರುಕಟ್ಟೆಯ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದೆ. ರೈತರು ತಂದು ಸುರಿದ ಹೆಸರುಕಾಳಿನ ರಾಶಿಗೆ ಖರೀದಿದಾರರು ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ. ಹೊತ್ತಿಗೆ ಸರಿಯಾಗಿ ಚೀಟಿ ಬಿಚ್ಚುತ್ತಾರೆ. ಹೆಚ್ಚು ಬರೆದವನ ಹೆಸರು ಕೂಗುತ್ತಾರೆ. ಅಷ್ಟಾದರೂ ವ್ಯಾಪಾರ ಮುಗಿದಂತಲ್ಲ. ದರ ರೈತನ ಮನಸ್ಸಿಗೆ ಬರಲಿಲ್ಲವೋ, "ಕೊಡಂಗಿಲ್ಲ" ಎನ್ನುತ್ತಾನೆ, ಚೀಟಿ ಹರಿದು ಬುಟ್ಟಿಗೆ ಹೋಗುತ್ತದೆ, ನಾಳೆ ಮತ್ತೆ ಟೆಂಡರ್. ರಾಶಿ ತೂಕಕ್ಕೆ ಏರುವ ತನಕ ಏನೂ ಆಗಿಲ್ಲ ಎನ್ನುವುದು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಹಾಗಾಗಿ ದುಡ್ಡು ಮೊದಲು, ಹೆಸರು ಆಮೇಲೆ ಎಂಬ ಆ ಸಾಲನ್ನು ಮೂರು ಸಲ ಓದಿಯೂ ನಾನು ಹೆದರಲಿಲ್ಲ. ಜಾಗ ಸರಿಬರದಿದ್ದರೆ ಬೇಡ ಎಂದರಾಯಿತು ಎಂದುಕೊಂಡೆ.

ಸೈಟು ಹೈದರಾಬಾದನ್ನು ಹನ್ನೊಂದು ತುಂಡು ಮಾಡಿಟ್ಟಿತ್ತು. ನಾವು ತುಂಡನ್ನು ಆರಿಸಬೇಕು, ಎಷ್ಟು ಸ್ಟಾರ್ ಎಂದು ಹೇಳಬೇಕು, ದಿನಾಂಕ ಕೊಡಬೇಕು, ಒಂದು ರಾತ್ರಿಗೆ ಎಷ್ಟು ಕೊಡುತ್ತೇವೆ ಎಂದು ಬರೆಯಬೇಕು. ಕಾರ್ಡಿನ ನಂಬರು ಮೊದಲೇ ಹಾಕಿರಬೇಕು. ಆ ತುಂಡಿನಲ್ಲಿರುವ ಯಾವುದಾದರೂ ಹೋಟೆಲು ನಮ್ಮ ದರಕ್ಕೆ ಒಪ್ಪಿದರೆ ಸರಿ, ಇಲ್ಲದಿದ್ದರೆ ಇಲ್ಲ. ನಕ್ಷೆ ಹಿಗ್ಗಿಸಿ ಆಸ್ಪತ್ರೆ ಯಾವ ತುಂಡಿನಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು. ಆ ತುಂಡು ಚಿಕ್ಕದೇ ಇತ್ತು, ಈ ತುದಿಯಿಂದ ಆ ತುದಿಗೆ ನಡೆದು ಹೋಗಬಹುದು.

ಮೂರು ಸ್ಟಾರ್ ಆರಿಸಿ ದರ ಬರೆದೆ. ಸಾವಿರ ಎಂದು ಬೋಳಾಗಿ ಬರೆಯಲು ಮನಸ್ಸಾಗದೆ, ಒಳ್ಳೆಯ ಕೆಲಸಕ್ಕೆ ಹೊರಟವರು ಎಂದು ಸಾವಿರದ ಒಂದು ಎಂದು ಬರೆದೆ. ಸೈಟು ಆ ಒಂದನ್ನು ತಾನೇ ಅಳಿಸಿ ಸಾವಿರ ಮಾಡಿಕೊಂಡಿತು. ಒಂದು ಗುಂಡು ಚಕ್ರ ತಿರುಗಿತು. ನಿಮ್ಮ ದರಕ್ಕೆ ಯಾರೂ ಒಪ್ಪಲಿಲ್ಲ ಎಂದು ಬಂತು. ಹೆಚ್ಚು ಮಾಡೋಣವೆಂದರೆ ಬಿಡಲಿಲ್ಲ. ಇದೇ ಜಾಗಕ್ಕೆ, ಇದೇ ದಿನಕ್ಕೆ ಮತ್ತೆ ದರ ಬರೆಯಬೇಕಾದರೆ ಇಪ್ಪತ್ನಾಲ್ಕು ತಾಸು ಕಾಯಬೇಕಂತೆ, ಇಲ್ಲವೇ ಜಾಗವನ್ನೋ ಸ್ಟಾರನ್ನೋ ದಿನವನ್ನೋ ಬದಲಿಸಬೇಕಂತೆ. ಆಪರೇಷನ್ನಿನ ದಿನ ಬದಲಿಸಲು ನಾನ್ಯಾರು?

ಮಾಸ್ತರನ್ನೂ ಚಾಚಿಯನ್ನೂ ಮುಂಡರಗಿ ಬಸ್ಸಿಗೆ ಹತ್ತಿಸಿ ಬಂದೆ. ಮರುದಿನ ಅದೇ ಹೊತ್ತಿಗೆ ಕಾದು ಕೂತು ಇನ್ನಷ್ಟು ಏರಿಸಿ ಬರೆದೆ. ಚಕ್ರ ತಿರುಗಿತು, ಯಾರೂ ಒಪ್ಪಲಿಲ್ಲ. ಎಷ್ಟು ಕಡಿಮೆಯಾಯಿತು ಎಂದಾದರೂ ಹೇಳಬಾರದೆ? ಮಾರುಕಟ್ಟೆಯಲ್ಲಿ ಸೋತವನಿಗೂ ಗೆದ್ದ ದರ ಗೊತ್ತಾಗುತ್ತದೆ. ಇಲ್ಲಿ ಕತ್ತಲಲ್ಲಿ ಕೈಯಾಡಿಸಿದಂತಿತ್ತು.

ಕೊನೆಗೆ ಲಕ್ಷ್ಮೇಶ್ವರದ ವ್ಯಾಪಾರಿಗೇ ಫೋನು ಹಚ್ಚಿದೆ. ಅವರು ಇದರಲ್ಲಿ ಪಳಗಿದವರ ಹಾಗೆ ಮಾತಾಡಿದರು.

"ಮೂರು ಸ್ಟಾರಿಗೆ ಯಾಕ ಬಡದಾಡ್ತೀರಿ? ನಾಕು ಸ್ಟಾರಿನಾಗ ಖಾಲಿ ಖೋಲಿ ಹೆಚ್ಚಿರ್ತಾವು, ಅದಕ್ಕ ಹಾಕ್ರಿ. ಇನ್ನ ಇಪ್ಪತ್ನಾಕು ತಾಸು ಕಾಯೂದಕ್ಕೂ ಒಂದು ಹಾದಿ ಐತಿ. ನಾಕು ಸ್ಟಾರಿನ ಹೋಟೆಲ್ಲ ಇರದ ಭಾಗ ಯಾವುದೈತಿ ನೋಡ್ರಿ. ಅದನ್ನೂ ನಿಮ್ಮ ಭಾಗದ ಜೋಡಿ ಟಿಕ್ ಮಾಡ್ರಿ. ಜಾಗ ಬದಲಾತು ಅಂತ ಸೈಟು ಮತ್ತ ದರ ಬರಿಯಾಕ ಬಿಡತೈತಿ. ಅಲ್ಲಿ ಹೋಟೆಲ್ಲ ಇಲ್ಲ ಅಂದಮ್ಯಾಲೆ ಅಲ್ಲಿ ಸಿಗೂದ್ಹೆಂಗ? ಸಿಕ್ಕರ ನಿಮ್ಮ ಭಾಗದಾಗ ಸಿಗತೈತಿ."

"ಇರೂದಿಲ್ಲ ಅಂತ ಹೆಂಗ ತಿಳೀತೈತ್ರಿ?"

"ಆ ಭಾಗ ಒಂದನ್ನ ಒತ್ತಿ ನೋಡ್ರಿ, ನಾಕು ಸ್ಟಾರಿನ ಗುಂಡಿ ಮಸಕಾಗಿ ಕಾಣತೈತಿ. ಮಸಕಿತ್ತಂದ್ರ ಇಲ್ಲ ಅಂತ. ಆದ್ರ ದರ ಹಾಕೂ ಮುಂದ ಇನ್ನೊಮ್ಮೆ ನೋಡ್ಕೊಂಡ ಹಾಕ್ರಿ."

ಮಂಗಳವಾರ ಸಂಜೆ ಹನ್ನೊಂದು ತುಂಡುಗಳನ್ನೂ ಒಂದೊಂದಾಗಿ ಒತ್ತಿ ನೋಡಿ ಚೀಟಿ ಮಾಡಿಕೊಂಡೆ. ನಾಲ್ಕು ಕಡೆ ಗುಂಡಿ ಮಸುಕಾಗಿತ್ತು. ಆ ನಾಲ್ಕರ ಮುಂದೆ ಗುಣಾಕಾರದ ಗುರುತು ಹಾಕಿದೆ. ಅವುಗಳಲ್ಲೊಂದು ಊರ ಹೊರಗಿನ ವರ್ತುಲ ರಸ್ತೆಯ ಕಡೆಯ ಭಾಗ, ಆಸ್ಪತ್ರೆಯಿಂದ ಹದಿನೇಳು ಕಿಲೋಮೀಟರು. ಇರಲಿ, ಅಲ್ಲಿ ನಾಲ್ಕು ಸ್ಟಾರಿನದು ಇಲ್ಲವಲ್ಲ. ಈಗ ಆಟ ತಿಳಿಯಿತು ಎನ್ನಿಸಿತು. ನಿಜವಾಗಿ ಎಷ್ಟು ತಿಳಿದಿತ್ತೋ, ಆ ದೇವರಿಗೇ ಗೊತ್ತು.

ಬುಧವಾರ ಮಧ್ಯಾಹ್ನ ಕೂತೆ. ಆಸ್ಪತ್ರೆಯ ಭಾಗ ಒಂದಕ್ಕೇ ನಾಲ್ಕು ಸ್ಟಾರಿನ ದರ ಬರೆದೆ. ಇಲ್ಲ. ಗುಣಾಕಾರದ ಒಂದು ಭಾಗ ಸೇರಿಸಿ ನೂರು ಏರಿಸಿದೆ. ಇಲ್ಲ. ವರ್ತುಲ ರಸ್ತೆಯ ಭಾಗವನ್ನೂ ಸೇರಿಸಿ ಇನ್ನೂ ನೂರು ಏರಿಸಿದೆ. ಈ ಸಲ ಚಕ್ರ ಸ್ವಲ್ಪ ಹೆಚ್ಚು ಹೊತ್ತು ತಿರುಗಿತು. ಆಮೇಲೆ ಪರದೆಯೆಲ್ಲ ಹಸಿರಾಗಿ ಅಭಿನಂದನೆಗಳು ಎಂದು ಬಂತು. ನನ್ನ ಕಾರ್ಡಿನಿಂದ ಆರೂ ರಾತ್ರಿಗಳ ದುಡ್ಡು ಹೋದ ಸಂದೇಶ ಫೋನಿಗೆ ಬಂತು. ಅದರ ಹಿಂದೆಯೇ ಹೋಟೆಲಿನ ಹೆಸರು ಬಂತು, ವಿಳಾಸ ಬಂತು.

ವಿಳಾಸ ವರ್ತುಲ ರಸ್ತೆಯದು.

ನನಗೆ ಏನೂ ಅರ್ಥವಾಗಲಿಲ್ಲ. ಚೀಟಿ ತೆಗೆದು ನೋಡಿದೆ, ಗುಣಾಕಾರ ಅಲ್ಲೇ ಇತ್ತು. ಸೈಟಿಗೆ ಹೋಗಿ ಆ ಭಾಗವನ್ನು ಒತ್ತಿದೆ. ನಿನ್ನೆ ಮಸುಕಾಗಿದ್ದ ಗುಂಡಿ ಇವತ್ತು ನಿಚ್ಚಳವಾಗಿತ್ತು. ರಾತ್ರಿ ಬೆಳಗಾಗುವುದರೊಳಗೆ ಯಾವುದೋ ಹೋಟೆಲು ಆ ಸೈಟಿಗೆ ಸೇರಿಕೊಂಡಿರಬೇಕು. ಇನ್ನೊಮ್ಮೆ ನೋಡಿ ಹಾಕಿ ಎಂದು ವ್ಯಾಪಾರಿ ಬಿಡಿಸಿ ಹೇಳಿದ್ದರು. ನಾನು ನೋಡಿರಲಿಲ್ಲ. ತಪ್ಪಿದರೆ ಚೀಟಿ ಹರಿದರಾಯಿತು ಎಂಬ ಉಡಾಫೆ.

ಹರಿಯಲು ಹೊರಟೆ. ರದ್ದು ಮಾಡುವ ಗುಂಡಿಯೇ ಇರಲಿಲ್ಲ. ಸಹಾಯವಾಣಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಹಾಡಿಕೊಂಡು ಕೊನೆಗೊಬ್ಬ ಸಿಕ್ಕಿದ. ನೀವೇ ದರ ಹೇಳಿದಿರಿ, ಅವರು ಒಪ್ಪಿದರು, ಇದಕ್ಕೆ ರದ್ದತಿ ಇಲ್ಲ ಎಂದ. ಹೋಟೆಲಿಗೆ ಮಾಡಿದೆ. ನೀವು ಸೈಟಿನಿಂದ ತೆಗೆದುಕೊಂಡಿದ್ದೀರಿ, ಸೈಟಿನವರು ಹೇಳಿದರೆ ಬಿಡುತ್ತೇವೆ ಎಂದರು. ಮತ್ತೆ ಸೈಟಿಗೆ ಮಾಡಿದೆ. ಹೋಟೆಲಿನವರು ಬರೆದು ಕೊಡಲಿ ಎಂದರು. ಅತ್ತ ದರಿ, ಇತ್ತ ಪುಲಿ. ಗುರುವಾರ ಅಂಗಡಿ ಮುಚ್ಚುವ ಹೊತ್ತಿಗೆ ಒಂದು ಮಾತು ಹೊಳೆಯಿತು. ಚೀಟಿ ಹರಿಯುವ ಹಕ್ಕು ಮಾರುವವನದು, ಕೊಳ್ಳುವವನದಲ್ಲ. ಮಾರುಕಟ್ಟೆಯಲ್ಲಿ ಅಷ್ಟು ವರ್ಷ ನಾನು ಕೂತದ್ದು ಮಾರುವವನ ಮಗ್ಗುಲಿಗೆ. ಇಲ್ಲಿ ಕೊಳ್ಳುವವನ ಕುರ್ಚಿಯಲ್ಲಿ ಕೂತು ಮಾರುವವನ ಧಿಮಾಕು ಮಾಡಿದ್ದೆ.

ಮಾಸ್ತರು ಶನಿವಾರ ಸಂಜೆಯ ರೈಲಿಗೆ ಹೊರಡುವವರು. ಆ ಗುರುವಾರ ರಾತ್ರಿ ಮನೆಯಲ್ಲಿ ಮುಚ್ಚಿಡುವ ದಾರಿಯನ್ನೂ ಯೋಚಿಸಿದೆ. ನಾಲ್ಕು ಸ್ಟಾರು, ಮೆತ್ತನೆ ಹಾಸಿಗೆ, ತಣ್ಣನೆ ಖೋಲಿ. ಆಟೋ ಬೇಡ ಎಂದರಲ್ಲವೆ ಡಾಕ್ಟರು? ನನ್ನ ಕೈಯಿಂದಲೇ ದುಡ್ಡು ಹಾಕಿ ದಿನಕ್ಕೆರಡು ಸಲ ಒಳ್ಳೆಯ ಕಾರು ಗೊತ್ತು ಮಾಡಿದರೆ ಕುಲುಕಾಟವೂ ಇಲ್ಲ, ಧೂಳೂ ಇಲ್ಲ. ಹೈದರಾಬಾದು ದೊಡ್ಡ ಊರು, ಹತ್ತಿರ ಎಂದರೆ ಇಷ್ಟೇ ಎಂದು ಹೇಳಿದರೆ ಅವರು ನಂಬುತ್ತಾರೆ. ನಂಬುತ್ತಾರೆ ಎನ್ನುವುದೇ ನನ್ನನ್ನು ಚುಚ್ಚಿತು. ಕಣ್ಣು ಕಾಣದವರಿಗೆ ನಕ್ಷೆ ತೋರಿಸಿ ಮೋಸ ಮಾಡುವಷ್ಟು ಕೆಳಗಿಳಿಯಲಾರೆ ಅನ್ನಿಸಿತು. ಹೇಳುವುದೇ ಸರಿ ಎಂದು ಗಟ್ಟಿ ಮಾಡಿಕೊಂಡು ಶುಕ್ರವಾರ ಬೆಳಗಿನ ಬಸ್ಸಿಗೆ ಮುಂಡರಗಿಗೆ ಹೋದೆ.

ಮಾಸ್ತರು ಅಂಗಡಿಯಲ್ಲೇ ಇದ್ದರು. ಹೈದರಾಬಾದಿಗೆ ಹೋಗುವ ಮುಂಚೆ ಗಿರಾಕಿಗಳ ಬಟ್ಟೆಯನ್ನು ಮಡಚಿ ಗಂಟು ಕಟ್ಟುತ್ತಿದ್ದರು, ಬೆರಳಿನಿಂದಲೇ ಯಾರದು ಯಾವುದೆಂದು ಗುರುತು ಹಿಡಿಯುತ್ತ. ಚಾಚಿ ಪಕ್ಕದಲ್ಲಿ ಕೂತು ಗುಂಡಿ ಹಚ್ಚುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ಗುಣಾಕಾರದ ಚೀಟಿಯನ್ನೂ ಬಿಡಲಿಲ್ಲ.

"ಮಾಸ್ತರ, ನಂದ ತಪ್ಪು. ಹೋದ ದುಡ್ಡು ನಂದು. ಆದ್ರ ಆ ಹೋಟೆಲ್ಲಿಗೆ ನೀವು ಹೋಗಬ್ಯಾಡ್ರಿ. ಹದಿನೇಳು ಕಿಲೋಮೀಟರ್ ಐತ್ರಿ."

ಚಾಚಿಯ ಸೂಜಿ ನಿಂತಿತು. ಮಾಸ್ತರು ಕೈಯಲ್ಲಿದ್ದ ಗಂಟನ್ನು ಬಿಗಿದು ಪಕ್ಕಕ್ಕಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

"ಕುಂಡ್ರು ಮೊದಲ," ಎಂದರು. "ನಾ ಕಲಿಯೋ ಮುಂದ ಒಬ್ಬರ ಅಂಗಿ ಅರಿವಿ ತಪ್ಪು ಕತ್ತರಿಸಿದ್ದೆ. ಗೊತ್ತಾಗದಂಗ ಜೋಡಿಸಿ ಹೊಲದು ಕೊಡೂಣಂತ ಮಾಡಿದ್ದೆ. ನಮ್ಮ ಉಸ್ತಾದರು ಕಪಾಳಕ್ಕ ಕೊಟ್ರು. ತಪ್ಪು ಕತ್ತರಿಸಿದ್ದು ತಪ್ಪಲ್ಲ, ಅದನ್ನ ಅಂಗಿ ಅಂತ ಕೊಡೂದು ತಪ್ಪು, ಅಂಗಿ ಆಗಲಿಲ್ಲಂದ್ರ ಮತ್ತೇನ ಆಗತೈತಿ ನೋಡು ಅಂದ್ರು." ಚಾಚಿಯ ಕಡೆ ಮುಖ ತಿರುಗಿಸಿದರು. "ಶಿರಹಟ್ಟಿ ಬೀಗರ ವಿಷಯ ಇವಗ ಹೇಳಿಯೇನ?"

ಇದು ಹೊಸ ಗೊಂದಲ. ಮಾಸ್ತರ ಮಗಳ ಅತ್ತೆ-ಮಾವ ಶಿರಹಟ್ಟಿಯವರು. ಬೀಗರಿಗೆ ಆಪರೇಷನ್ ಎಂದ ಮೇಲೆ ನಾವೂ ಬರುತ್ತೇವೆ ಎಂದು ಬುಧವಾರವೇ ಹೇಳಿ ಕಳಿಸಿದ್ದರಂತೆ. ರೈಲಿನ ಟಿಕೆಟನ್ನೂ ತೆಗೆಸಿಬಿಟ್ಟಿದ್ದರು, ನನ್ನಲ್ಲಲ್ಲ, ಬೇರೆ ಕಡೆ.

"ಬ್ಯಾಡ ಅನ್ನಾಕ ಬರೂದಿಲ್ಲಪಾ," ಎಂದರು ಚಾಚಿ. "ಮಗಳ ಮನಿ ಮಾತು. ಬರಬ್ಯಾಡ್ರಿ ಅಂದ್ರ ವರ್ಷಾನಗಟ್ಟಲೆ ಅಂದಾಡ್ತಾರ. ಬಂದ್ರ ಒಂದ ಖೋಲ್ಯಾಗ ನಾಕ ಮಂದಿ ಹೆಂಗ ಮಲಗೂದು, ಇವರಿಗೆ ನೋಡಿದ್ರ ಗದ್ದಲ ಬ್ಯಾಡ ಅಂದಾರ. ರಾತ್ರೆಲ್ಲಾ ನನಗ ಅದ ಚಿಂತಿ."

"ಅವ್ರ ಚಿಂತಿ ಮುಗೀತಲ್ಲ," ಎಂದರು ಮಾಸ್ತರು. "ಬೀಗರನ್ನ ನಾಕು ಸ್ಟಾರಿನಾಗ ಇಳಿಸು. ಹೋಟೆಲ್ಲಿನ ದುಡ್ಡು ನಾ ಕೊಡ್ತೀನಿ, ಬೀಗರ ಮರ್ಯಾದಿ ನಂದು. ನೀ ನನಗ ಒಂದು ಸಣ್ಣ ಖೋಲಿ ನೋಡು. ಸ್ಟಾರ್ ಬ್ಯಾಡ."

ದುಡ್ಡಿನ ವಿಷಯದಲ್ಲಿ ಇಬ್ಬರೂ ಸ್ವಲ್ಪ ಎಳೆದಾಡಿ ಅರ್ಧರ್ಧಕ್ಕೆ ಬಂದೆವು. ಅಲ್ಲೇ, ಅವರ ಕತ್ತರಿಸುವ ಮೇಜಿನ ಮೇಲೆ ಹಾಳೆ ಹಾಸಿಕೊಂಡು ಕೆಲಸಕ್ಕೆ ಕೂತೆ. ಸೈಟು ತೆರೆಯಲಿಲ್ಲ. ಆಸ್ಪತ್ರೆಯ ವಿಚಾರಣೆ ಕೌಂಟರಿಗೆ ಫೋನು ಮಾಡಿ, ರೋಗಿಗಳು ಇಳಿಯುವ ಸಣ್ಣ ಲಾಡ್ಜುಗಳು ಯಾವುವು ಎಂದು ಕೇಳಿದೆ. ಅಲ್ಲಿದ್ದ ಹೆಣ್ಣುಮಗಳು ಬೇಸರಿಸದೆ ಐದು ನಂಬರು ಓದಿದಳು. ಇಷ್ಟು ಸರಳ ಕೆಲಸವನ್ನು ಸೋಮವಾರವೇ ಮಾಡಬಹುದಿತ್ತು.

ನಾನು ನನ್ನ ಹರಕು ಹಿಂದಿಯಲ್ಲಿ ಶುರು ಮಾಡಿದೆ. ಆಸ್ಪತ್ರೆ ಎಷ್ಟು ದೂರ ಎಂದು ಕೇಳಿದರೆ ಮೊದಲನೆಯವನು ಐದು ನಿಮಿಷ ಎಂದ. ಎರಡನೆಯವನೂ ಐದು ನಿಮಿಷ. ಮೂರನೆಯವನದೂ ಐದೇ. ನಕ್ಷೆಯಲ್ಲಿ ನೋಡಿದರೆ ಒಂದು ಲಾಡ್ಜಿಗೂ ಆಸ್ಪತ್ರೆಗೂ ನಡುವೆ ಮೇಲ್ಸೇತುವೆಯೇ ಇತ್ತು. ನಕ್ಷೆಯನ್ನು ನಂಬಬೇಕೋ ಮನುಷ್ಯನನ್ನು ನಂಬಬೇಕೋ ತಿಳಿಯದೆ ತಲೆ ಕೆಟ್ಟುಹೋಯಿತು.

"ಅವರ ಕಾಲಿನ ಲೆಕ್ಕ ಅಲ್ಲ, ನನ್ನ ಕಾಲಿನ ಲೆಕ್ಕ ಕೇಳು," ಎಂದರು ಚಾಚಿ. "ಪಟ್ಟಿ ಕಟ್ಟಿದಾವ್ರನ್ನ ಹಿಡಕೊಂಡು ಹೊಂಟೀನಿ ಅಂತ ಹೇಳು."

ನಾಲ್ಕನೆಯ ಲಾಡ್ಜಿನ ಮ್ಯಾನೇಜರಿಗೆ ಹಾಗೇ ಹೇಳಿದೆ. ರೋಗಿಗೆ ಇರುವುದೊಂದೇ ಕಣ್ಣು, ಅದಕ್ಕೂ ಪಟ್ಟಿ, ಹೆಂಡತಿ ಕೈ ಹಿಡಿದು ನಡೆಸುತ್ತಾಳೆ, ದಾರಿ ಹೇಗಿದೆ ಹೇಳಿ ಎಂದೆ. ಆತ ವಿಡಿಯೋ ಕರೆ ಮಾಡಿ, ಫೋನನ್ನು ಮುಂದೆ ಹಿಡಿದುಕೊಂಡು ಲಾಡ್ಜಿನ ಬಾಗಿಲಿಂದ ಆಸ್ಪತ್ರೆಯ ಗೇಟಿನ ತನಕ ತಾನೇ ನಡೆದ. ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಎಣಿಸಿದ. ನಾಲ್ಕು ಮೆಟ್ಟಿಲು ಇಳಿಯುವುದು, ಎಡಕ್ಕೆ ಹೊರಳುವುದು, ಔಷಧದ ಅಂಗಡಿಯ ಮುಂದೆ ಚರಂಡಿಯ ಕಲ್ಲು ಅಲ್ಲಾಡುತ್ತದೆ, ಅಲ್ಲಿ ಗೋಡೆಯ ಕಡೆ ಸರಿಯುವುದು. ರಸ್ತೆ ದಾಟುವುದಿಲ್ಲ. ಮುನ್ನೂರ ಹನ್ನೆರಡು ಹೆಜ್ಜೆ. ಚಾಚಿ ಪರದೆಗೆ ಮುಖ ಹಚ್ಚಿ ತುಟಿಯಲ್ಲೇ ಎಣಿಸುತ್ತಿದ್ದರು. ಅವರಿಗೆ ಓದು ಬರಹ ಬರುವುದಿಲ್ಲ, ಒಮ್ಮೆ ನೋಡಿದ ದಾರಿ ಮರೆಯುವುದೂ ಇಲ್ಲ.

"ಖೋಲ್ಯಾಗ ಒಂದು ಕುರ್ಚಿ ಐತೇನ ಕೇಳು," ಎಂದರು ಮಾಸ್ತರು. "ನಮಾಜಿಗೆ ಬಾಗಬಾರದು ಅಂದಾರ. ಕುಂತ ಮಾಡಬೇಕು."

ಕುರ್ಚಿ ಇತ್ತು. ಮ್ಯಾನೇಜರ್ ಹೇಳಿದ ದರವೂ ಕೈಗೆಟುಕುವಂತಿತ್ತು. ನಾನು ಮರುಮಾತಾಡದೆ ಒಪ್ಪಿದೆ.

ಶನಿವಾರ ನಾಲ್ವರನ್ನೂ ಗದಗಿನ ಸ್ಟೇಷನ್ನಿನಲ್ಲಿ ರೈಲಿಗೆ ಹತ್ತಿಸಿದೆ. ನಾಲ್ಕು ಸ್ಟಾರಿನ ಹೋಟೆಲು ತಮಗೆ ಎಂದು ಕೇಳಿದ ಬೀಗರು ಸಂಕೋಚದಿಂದ ಮಾಸ್ತರ ಕೈ ಹಿಡಿದು, "ಇದೆಲ್ಲ ಯಾಕ ಮಾಡಾಕ ಹೋದ್ರಿ? ನಾವು ಎಲ್ಯಾರ ಒರಗತಿದ್ವಿ," ಎಂದರು. ಮಾಸ್ತರು ನನ್ನ ಕಡೆ ತಿರುಗಲೇ ಇಲ್ಲ. "ಇರ್ಲಿ ಬಿಡ್ರಿ, ನೀವ್ಯಾಕ ಸಣ್ಣ ಖೋಲ್ಯಾಗ ಇರಬೇಕು?" ಎಂದರು.

ಸೋಮವಾರ ಆಪರೇಷನ್ ಸುಸೂತ್ರವಾಗಿ ಆಯಿತೆಂದು ಸುದ್ದಿ ಬಂತು. ಮಂಗಳವಾರ, ಬುಧವಾರ ಏನೂ ತೊಂದರೆಯಿಲ್ಲ. ಗುರುವಾರ ಹತ್ತರ ಹೊತ್ತಿಗೆ ಅಂಗಡಿಯ ಬಾಗಿಲು ತೆಗೆದು ಕಸ ಹೊಡೆಯುತ್ತಿದ್ದೆ, ಚಾಚಿಯ ಫೋನು ಬಂತು. ಧ್ವನಿ ದಣಿದಿತ್ತು.

ಬೆಳಿಗ್ಗೆ ಮಾಸ್ತರಿಗೆ ಕಣ್ಣಿನಲ್ಲಿ ಸೂಜಿ ಆಡಿಸಿದಂತಾಯಿತಂತೆ. ಪಟ್ಟಿ ಒದ್ದೆಯಾಗಿ ಕೆನ್ನೆಗೆ ನೀರು ಇಳಿಯಿತಂತೆ. ಚಾಚಿ ಬೀಗರಿಗೆ ಫೋನು ಹಚ್ಚಿ, ಹೇಳುತ್ತಲೇ ಮಾಸ್ತರ ಕೈ ಹಿಡಿದು ಮೆಟ್ಟಿಲಿಳಿದರಂತೆ. ಆಸ್ಪತ್ರೆಯಲ್ಲಿ ನೋಡಿದರೆ ಒಂದು ಹೊಲಿಗೆ ಸಡಿಲಾಗಿ ಕಣ್ಣಿನೊಳಗಿನ ನೀರು ಸೋರುತ್ತಿತ್ತು. ಕಾಯಿಸದೆ ಒಳಗೆ ಕರೆದುಕೊಂಡು ಹೋಗಿ ಮತ್ತೆ ಹೊಲಿದರು.

"ಹೊಸಾ ಪೊರಿ ಜಾಗಾ ಬಿಟ್ಟಿಲ್ಲಂತ. ಉಳೀತೈತಿ ಅಂದಾರ," ಎಂದರು ಚಾಚಿ. "ಕೂಡ್ಲೇ ಬಂದದ್ದು ಚಲೋ ಆತು, ಎಲ್ಲಿ ಇಳದೀರಿ ಅಂತ ಡಾಕ್ಟ್ರು ಕೇಳಿದ್ರು. ಇಲ್ಲೇ ಬಾಜೂಕ ಅಂದೆ."

ಆಮೇಲೆ ಅವರಿಗೆ ಏನೋ ನೆನಪಾಗಿ ನಗು ಬಂತು. ಅಷ್ಟು ಹೊತ್ತಿನ ಹೆದರಿಕೆ ಇಳಿದು ಬಂದ ನಗು.

"ಬೀಗರು ಪಾಪ, ಫೋನ್ ಕೇಳಿದ ಕೂಡ್ಲೇ ಇದ್ದಂಗ ಹೊಂಟಾರ. ಹೋಟೆಲ್ಲಿನವರ ಬಿಳೇ ಚಪ್ಪಲಿ ಕಾಲಾಗ ಹಂಗ ಇದ್ದುವು. ಅಲ್ಲಿ ಗಾಡಿನ ಸಿಗಲಿಲ್ಲಂತ. ಸಿಕ್ಕಮ್ಯಾಲೆ ರಸ್ತೆ ತುಂ‌ಬ ಗದ್ದಲಂತ. ಅವರು ಬಂದು ಮುಟ್ಟೂದ್ರಾಗ ಒಂದೂಮುಕ್ಕಾಲು ತಾಸು ಆಗಿತ್ತು. ಇಲ್ಲಿ ಹೊಲಿಗಿ ಹಾಕಿ ಮುಗದು, ಇವರು ಚಾ ಕುಡಿಯಾಕತ್ತಿದ್ರು."

ನಾನೂ ನಗಬೇಕಿತ್ತು. ಹಿಂದಿನ ವಾರ ಗುರುವಾರದ ರಾತ್ರಿ ನಾನು ಗೊತ್ತು ಮಾಡಲು ಹೊರಟಿದ್ದ ಆ ಒಳ್ಳೆಯ ಕಾರು ಕಣ್ಣ ಮುಂದೆ ಬಂತು. ಅದರ ಹಿಂದಿನ ಸೀಟಿನಲ್ಲಿ ಒದ್ದೆ ಪಟ್ಟಿಯ ಮಾಸ್ತರು ಕೂತಿದ್ದರು, ಒಂದೂಮುಕ್ಕಾಲು ತಾಸು.

"ಹಲೋ, ಕೇಳಸಾಕತ್ತೈತೇನಪಾ?" ಎಂದರು ಚಾಚಿ.

ಕಸಬರಿಗೆ ಕೈಯಲ್ಲೇ ಇತ್ತು. ಅದನ್ನು ಗೋಡೆಗೆ ಒರಗಿಸಿ ಗಿರಾಕಿಯ ಕುರ್ಚಿಯಲ್ಲಿ ಕೂತೆ.

"ಕೇಳಸ್ತೈತ್ರಿ ಚಾಚಿ," ಎಂದೆ.